ತಾಯಿ ಕೀಲಿಯ ಇನ್ನರ್ಧ

ಆಸ್ಪತ್ರೆಯಲ್ಲಿ ಬೆನ್ನ ಹಿಂದೆ ನನ್ನನ್ನು ಮುದ್ರೆಯಮ್ಮ ಅನ್ನುತ್ತಾರೆ. ಅನ್ನಲಿ. ಎದುರಿಗೇ ಅಂದರೂ ನನಗೆ ಬೇಜಾರಿಲ್ಲ, ಆ ಹೆಸರಿಗೆ ತಕ್ಕ ಕೆಲಸವನ್ನು ಹನ್ನೊಂದು ವರ್ಷದಿಂದ ಮಾಡಿದ್ದೇನೆ.

ನಮ್ಮದು ಸಣ್ಣ ಕಣ್ಣಿನ ಆಸ್ಪತ್ರೆ. ಒಂದು ಮುಖ್ಯ ಕಟ್ಟಡ, ನಾಲ್ಕು ಶಾಖೆ, ಒಟ್ಟು ತೊಂಬತ್ತಮೂರು ಯಂತ್ರ. ಕಣ್ಣಿನ ಒಳಭಾಗದ ಫೋಟೋ ತೆಗೆಯುವ ಯಂತ್ರದಿಂದ ಹಿಡಿದು ಚೀಟಿ ಕೊಡುವ ಕೌಂಟರಿನ ಕಂಪ್ಯೂಟರಿನವರೆಗೆ, ಒಂದರ ಮಾತನ್ನು ಇನ್ನೊಂದು ಕೇಳಬೇಕಾದರೆ ಅದು ಈ ಆಸ್ಪತ್ರೆಯದೇ ಎಂಬುದಕ್ಕೆ ಸರ್ಟಿಫಿಕೇಟ್ ತೋರಿಸಬೇಕು. ಆ ಸರ್ಟಿಫಿಕೇಟ್ ಕೊಡುವವಳು ನಾನು, ಹೊರಗಿನ ಯಾವ ಕಂಪನಿಯೂ ಅಲ್ಲ. ರಿಸೆಪ್ಷನ್ನಿನಲ್ಲಿ ಕೂತು ಟೈಪ್ ಮಾಡುತ್ತಿದ್ದವಳು ಪುಸ್ತಕ ಓದಿ, ತಪ್ಪು ಮಾಡಿ, ಬೈಸಿಕೊಂಡು ಇದನ್ನು ಕಟ್ಟಿದೆ. ಯಂತ್ರವನ್ನು ಕಣ್ಣಾರೆ ನೋಡದೆ, ಅದರ ನಂಬರನ್ನು ರಿಜಿಸ್ಟರಿನಲ್ಲಿ ಬರೆಯದೆ ಒಂದೇ ಒಂದು ಸರ್ಟಿಫಿಕೇಟನ್ನೂ ಕೊಟ್ಟವಳಲ್ಲ. ಒಮ್ಮೆ ದೊಡ್ಡ ಡಾಕ್ಟರೇ ಮನೆಯ ಲ್ಯಾಪ್‌ಟಾಪ್ ತಂದು ಇದಕ್ಕೂ ಒಂದು ಹಾಕಿಕೊಡಮ್ಮ ಎಂದಾಗ ಆಗುವುದಿಲ್ಲ ಎಂದಿದ್ದೆ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು, ಆಮೇಲೆ ತಾವೇ ಸರಿಹೋದರು.

ಇದಕ್ಕೆಲ್ಲ ಬುಡ ತಾಯಿ ಕೀಲಿ. ಅದು ಕಬ್ಬಿಣದ ಕೀಲಿಯಲ್ಲ, ಒಂದು ಹಳೇ ಲ್ಯಾಪ್‌ಟಾಪಿನೊಳಗಿರುವ ಭಾರಿ ಉದ್ದದ ಸಂಖ್ಯೆ. ಆ ಲ್ಯಾಪ್‌ಟಾಪು ನಮ್ಮಲ್ಲಿಗೆ ಬಂದ ಮೇಲೆ ಇಂಟರ್ನೆಟ್ಟಿನ ಮುಖ ಕಂಡಿಲ್ಲ. ಔಷಧಿ ಸ್ಟೋರಿನ ಹಿಂದಿನ ಕೋಣೆಯಲ್ಲಿ ಉಕ್ಕಿನ ಬೀರುವಿನೊಳಗೆ ಮಲಗಿರುತ್ತದೆ, ಆ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ. ಸರ್ಟಿಫಿಕೇಟುಗಳಿಗೆ ದಿನದಿನದ ಸಹಿ ಹಾಕುವುದು ಇದರಿಂದ ಹುಟ್ಟಿದ ಇನ್ನೊಂದು ಸಂಖ್ಯೆ, ಮಗಳು ಕೀಲಿಯ ಪಾಲು. ಮೂರು ತಿಂಗಳಿಗೊಮ್ಮೆ ತಾಯಿಯನ್ನು ಎಬ್ಬಿಸಿ, ಇವಳು ನನ್ನ ಮಗಳೇ ಹೌದು ಎಂದು ಮಗಳಿಗೆ ಹೊಸ ಸಹಿ ಹಾಕಿಸಬೇಕು. ತಪ್ಪಿದರೆ ತೊಂಬತ್ತಮೂರು ಯಂತ್ರಗಳಲ್ಲಿ ಒಂದೂ ಇನ್ನೊಂದನ್ನು ನಂಬುವುದಿಲ್ಲ.

ತಾಯಿಯನ್ನು ಎಬ್ಬಿಸುವ ಪಾಸ್‌ವರ್ಡಿನಲ್ಲಿ ಅರ್ಧ ನನಗೆ ಗೊತ್ತು, ಇನ್ನರ್ಧ ದೊಡ್ಡ ಸಿಸ್ಟರ್‌ಗೆ. ಅವರು ಆಪರೇಷನ್ ಥಿಯೇಟರಿನ ಮುಖ್ಯ ನರ್ಸ್ ಆಗಿದ್ದವರು. ಒಬ್ಬರು ತಮ್ಮ ಅರ್ಧ ಟೈಪ್ ಮಾಡುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇದನ್ನು ಕೇಳಿ ನಮ್ಮ ಯಜಮಾನರು, ನಮ್ಮ ಮದುವೆಯಲ್ಲೂ ಇಷ್ಟು ಶಾಸ್ತ್ರ ಇರಲಿಲ್ಲವಲ್ಲೇ ಎಂದು ನಕ್ಕಿದ್ದರು.

ಸಿಸ್ಟರ್ ನಾಲ್ಕು ವರ್ಷದ ಹಿಂದೆ ನಿವೃತ್ತರಾದರು. ಆಗಲೇ ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕಿ ಪಾಸ್‌ವರ್ಡ್ ಬದಲಿಸಬೇಕಿತ್ತು. ಬದಲಿಸಲಿಲ್ಲ. ಅವರಷ್ಟು ಕಟ್ಟುನಿಟ್ಟಿನವರು ನನ್ನ ಕಣ್ಣಿಗೆ ಬೀಳಲಿಲ್ಲ ಎನ್ನುವುದು ನೆಪ. ಅವರು ಬರುವುದು ತಪ್ಪಿಹೋಗುವುದು ನನಗೆ ಬೇಡವಾಗಿತ್ತು, ನಿಜ ಅಷ್ಟೇ. ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ, ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮುಂಚೆಯೇ ಬಂದು, ಬೆಂಚಿನ ಮೇಲೆ ನೆಟ್ಟಗೆ ಕೂತಿರುತ್ತಿದ್ದರು.

ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಅವರ ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ನೆನಪು ಮಾತ್ರ ಹರಿದುಹೋಯಿತು. ನಾನು ಹಣ್ಣು ಹಿಡಿದುಕೊಂಡು ಎರಡು ಸಲ ನೋಡಲು ಹೋದೆ, ಎರಡು ಸಲವೂ ನನ್ನ ಗುರುತು ಹತ್ತಲಿಲ್ಲ. ಅಳು ನುಂಗಿಕೊಂಡು ಮನೆಗೆ ಬಂದೆನೇ ಹೊರತು ಪಾಸ್‌ವರ್ಡಿನ ಯೋಚನೆ ತಲೆಗೇ ಬರಲಿಲ್ಲ. ಥೂ ನನ್ನ ಬುದ್ಧಿಗೆ. ಈ ಸಲದ ಗಡುವು ಹತ್ತಿರ ಬಂದಾಗಲೇ ಅದು ಹೊಳೆದದ್ದು. ಮಗಳು ಕೀಲಿಯ ಅವಧಿ ಭಾನುವಾರಕ್ಕೆ ಮುಗಿಯುತ್ತಿತ್ತು, ಸೋಮವಾರ ಹದಿನೆಂಟು ಆಪರೇಷನ್ನು.

ಬುಧವಾರ ಹೊಸ ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಂದು ಆರು ತಿಂಗಳು. ನಮಗೆ ನಾವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುವುದೆಂದರೇನು ಎಂದು ಬಂದ ದಿನದಿಂದಲೂ ಅವರ ರಾಗ. ಹಿತ್ತಲ ಗಿಡ ಮದ್ದಲ್ಲ, ನೋಡಿ. ತಾಯಿ ಕೀಲಿ ಹೋದರೆ ಹೊಸದು ಮಾಡಬಹುದು, ಆದರೆ ಐದು ಕಡೆಗೂ ಹೋಗಿ ಪ್ರತಿ ಯಂತ್ರಕ್ಕೂ ಅದನ್ನು ಕೈಯಾರೆ ಪರಿಚಯಿಸಬೇಕು, ಎರಡು ವಾರದ ಕೆಲಸ ಎಂದು ವಿವರಿಸಿದೆ. ಅವರು, ಅದರ ಬದಲು ಎಲ್ಲವನ್ನೂ ಹೊರಗಿನ ಕಂಪನಿಗೆ ಒಪ್ಪಿಸುತ್ತೇನೆ, ಶನಿವಾರದವರೆಗೆ ನಿಮಗೆ ಸಮಯ, ಆಮೇಲೆ ನೀವು ರಿಸೆಪ್ಷನ್ನಿಗೆ ವಾಪಸ್ಸು ಹೋಗಿ ಎಂದರು. ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಗಾಬರಿ ಬೇಡ, ಲಕೋಟೆ ಇದೆ ಎಂದೆ. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ನಮ್ಮ ನಮ್ಮ ಅರ್ಧವನ್ನು ಬರೆದು, ಬೇರೆ ಬೇರೆ ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ದೊಡ್ಡ ಡಾಕ್ಟರ ಲಾಕರಿನಲ್ಲಿ ಇಟ್ಟಿದ್ದೆವು. ಡಾಕ್ಟರು, ಮ್ಯಾನೇಜರು, ನಾನು ಮೂವರೂ ನಿಂತು ಸಿಸ್ಟರ್ ಲಕೋಟೆ ಒಡೆದೆವು. ಒಳಗೆ ಒಂದು ಬಿಳಿ ಹಾಳೆ, ಅದರ ನಡುವೆ ಅವರ ದುಂಡು ಅಕ್ಷರದಲ್ಲಿ ಒಂದೇ ಸಾಲು: "ಕಾಗದದ ಮೇಲೆ ಬರೆಯಬಾರದು ಅಂತ ಹೇಳಿದವಳು ನೀನೇ."

ಮ್ಯಾನೇಜರು ನಗು ತಡೆಯಲಾರದೆ ಹೊರಗೆ ಹೋದರು. ನಾನು ಯಾರನ್ನು ಬೈಯಲಿ? ಮೊದಲ ದಿನ ಒಂದು ಗಂಟೆ ಭಾಷಣ ಬಿಗಿದು, ಕಾಗದವನ್ನು ನಂಬಬೇಡಿ, ನನ್ನನ್ನೂ ನಂಬಬೇಡಿ ಎಂದವಳು ನಾನೇ. ಕೊನೆಯಲ್ಲಿ ಈ ಲಕೋಟೆಯೊಂದನ್ನು ಬಿಟ್ಟು ಎಂದು ಸೇರಿಸಿದ್ದೆ, ಅದು ಅವರ ಕಿವಿಗೆ ಬಿದ್ದಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಗುರುವಾರ ಅವರ ಮನೆಗೆ ಹೋದೆ. ಸಿಸ್ಟರ್ ಮಂಚದ ಮೇಲೆ ಕೂತು ಒಣಗಿದ ಟವೆಲುಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಿದ್ದರು. ಕೀಲಿಯ ವಿಷಯ ಎತ್ತಿದರೆ, ಬೀರುವಿನ ಕೀಲಿ ಸೊಸೆ ಹತ್ತಿರ ಇದೆಯಲ್ಲ ಎಂದರು. ಅತ್ತೆಗೆ ಸುಸ್ತಾಗುತ್ತದೆ, ಕರೆತರುವುದು ಬೇಡ ಎಂದು ಸೊಸೆ ಮೊದಲು ಖಡಾಖಂಡಿತವಾಗಿ ಹೇಳಿದಳು. ನಾನು ಗೋಗರೆದೆ, ನಾಚಿಕೆ ಬಿಟ್ಟು ಕೈ ಮುಗಿದೆ. ಅರ್ಧ ಗಂಟೆ ಮಾತ್ರ, ಕಾರಿನಲ್ಲೇ ಕರೆದುಕೊಂಡು ಹೋಗಿ ವಾಪಸ್ಸು ಬಿಡಬೇಕು, ತಾನೂ ಜೊತೆಗೆ ಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದಳು.

ಶನಿವಾರ ಬೆಳಿಗ್ಗೆ ಸೊಸೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಸಿಸ್ಟರನ್ನು ಆ ಕೋಣೆಗೆ ಕರೆತಂದು ಬೀರು ತೆಗೆದೆ. ನನ್ನ ಅರ್ಧ ಟೈಪ್ ಮಾಡಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆ ಕಡೆ ತಿರುಗಿದೆ. ಮ್ಯಾನೇಜರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಕೀಲಿಮಣೆಯ ಸದ್ದು ಒಂದೆರಡು ಸಲ ಬಂದು ನಿಂತಿತು. ತಿರುಗಿ ನೋಡಿದರೆ ತಪ್ಪು ಎಂಬ ಕೆಂಪು ಸಾಲು. ಇನ್ನೊಂದು ಸಲ ನೋಡೋಣ ಎಂದು ನನ್ನ ಅರ್ಧವನ್ನು ಮತ್ತೆ ಹಾಕಿಕೊಟ್ಟೆ, ಮತ್ತೆ ತಪ್ಪು. ಸಿಸ್ಟರ್ ಮುಖದಲ್ಲಿ ಹೆದರಿಕೆ ಕಂಡಿತು, ತಾವು ಏನೋ ಕೆಡಿಸಿದೆವೇನೋ ಎಂಬಂಥ ಹೆದರಿಕೆ. ಮೂವತ್ತು ವರ್ಷ ಥಿಯೇಟರನ್ನೇ ನಡುಗಿಸಿದ ಹೆಂಗಸು ಅವರು.

"ಸಾಕು ಬಿಡಿ ಮೇಡಂ," ಎಂದರು ಮ್ಯಾನೇಜರು. "ಪಾಪ, ಅವ್ರಿಗೆ ಯಾಕೆ ಹಿಂಸೆ."

ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ನನ್ನ ಕೆಲಸ ಉಳಿಸಿಕೊಳ್ಳಲು ನೆನಪು ಕಳೆದುಕೊಂಡ ಮುದುಕಿಯನ್ನು ಎಳೆತಂದಿದ್ದೆ. ರಿಸೆಪ್ಷನ್ನಾದರೆ ರಿಸೆಪ್ಷನ್ನು, ಹಾಳಾಗಿ ಹೋಗಲಿ ಅನ್ನಿಸಿತು. ಏಳಿ ಸಿಸ್ಟರ್, ಮನೆಗೆ ಹೋಗೋಣ ಎಂದು ಕೈ ಹಿಡಿಯಲು ಹೋದೆ.

ಅವರು ಕೈ ಹಿಂದಕ್ಕೆಳೆದುಕೊಂಡರು. ತಮ್ಮ ಅಂಗೈಗಳನ್ನೇ ನೋಡಿಕೊಂಡು, "ಕೈ ತೊಳ್ದೇ ಇಲ್ವಲ್ಲ," ಎಂದರು.

ತಾವೇ ಎದ್ದರು. ಮೂಲೆಯ ನಲ್ಲಿಯ ಹತ್ತಿರ ಹೋಗಿ ಬಳೆ ಮೇಲಕ್ಕೆ ಸರಿಸಿ ಮೊಣಕೈವರೆಗೂ ಸೋಪು ಹಚ್ಚಿದರು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು, ಒಂದನ್ನೂ ಬಿಡಲಿಲ್ಲ. ಕೈ ಎತ್ತಿ ಹಿಡಿದು, ಏನನ್ನೂ ಮುಟ್ಟದೆ, ಕುರ್ಚಿಯನ್ನು ಕಾಲಲ್ಲೇ ಸರಿಸಿ ಕೂತರು. ಹನ್ನೊಂದು ವರ್ಷ ಪ್ರತಿ ಸಲವೂ ಹೀಗೇ ಮಾಡುತ್ತಿದ್ದರು. ಲ್ಯಾಪ್‌ಟಾಪಿಗೇನು ಆಪರೇಷನ್ ಮಾಡುತ್ತಾರೋ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಇವತ್ತು ಅವರನ್ನು ನೇರವಾಗಿ ಕುರ್ಚಿಗೆ ತಂದು ಕೂರಿಸಿದ್ದೆ. ಮರೆತವಳು ನಾನು.

ಅವರು ನಲ್ಲಿಯ ಹತ್ತಿರ ಇದ್ದಾಗಲೇ ನನ್ನ ಅರ್ಧವನ್ನು ಮತ್ತೆ ಹಾಕಿದ್ದೆ, ಈಗ ತಟ್ಟನೆ ಗೋಡೆ ಕಡೆ ತಿರುಗಿದೆ. ಹಿಂದಿನಿಂದ ಥಿಯೇಟರಿನ ಆ ಹಳೇ ದನಿ ಕೇಳಿತು.

"ಬಾಗಿಲಲ್ಲಿ ಯಾರಪ್ಪಾ ನೀನು? ಆಚೆ ನಿಂತ್ಕೋ, ಬಾಗ್ಲು ಹಾಕು."

ಮ್ಯಾನೇಜರು ಆಚೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಕೀಲಿಮಣೆಯ ಸದ್ದು ಶುರುವಾಯಿತು. ನಿಧಾನ, ಆದರೆ ಎಲ್ಲೂ ನಿಲ್ಲಲಿಲ್ಲ. ನಾನು ಗೋಡೆಯ ಸುಣ್ಣ ನೋಡುತ್ತ ನಿಂತಿದ್ದೆ. ಕೊನೆಯ ಗುಂಡಿಯನ್ನು ಅವರು ಗಟ್ಟಿಯಾಗಿ ಒತ್ತಿದರು.

ತಾಯಿ ಎದ್ದಿದ್ದಳು.

ಮಗಳಿಗೆ ಸಹಿ ಹಾಕಿಸಲು ಹತ್ತು ನಿಮಿಷ ಹಿಡಿಯಿತು. ಸಿಸ್ಟರ್ ಪಕ್ಕದಲ್ಲಿ ಕೂತು ನನ್ನ ಒಂದೊಂದು ಹೆಜ್ಜೆಯನ್ನೂ ಗಮನಿಸಿದರು, ರಿಜಿಸ್ಟರಿನಲ್ಲಿ ದಿನಾಂಕ ಹಾಕಿ ಸಹಿ ಮಾಡಿದರು. ಅಲ್ಲಿಗೇ ಬಿಡಲಿಲ್ಲ ನಾನು. ಈಗ ಥಿಯೇಟರ್ ನೋಡಿಕೊಳ್ಳುವ ನರ್ಸನ್ನು ಅಲ್ಲೇ ಕರೆಸಿ, ತಾಯಿ ಎಚ್ಚರವಿರುವಾಗಲೇ ಪಾಸ್‌ವರ್ಡ್ ಬದಲಿಸಿ, ಅವಳ ಅರ್ಧವನ್ನು ಅವಳ ಕೈಯಿಂದಲೇ ಹಾಕಿಸಿದೆ. ಹೊರಗೆ ಕಾದಿದ್ದ ಮ್ಯಾನೇಜರು ಸೋಮವಾರದ ಆಪರೇಷನ್ ಪಟ್ಟಿಯನ್ನು ಹಾಗೇ ಇಡಲೇ ಎಂದು ಕೇಳಿದರು. ಧಾರಾಳವಾಗಿ ಇಡಿ ಎಂದೆ. ಕಂಪನಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಿಸ್ಟರ್ ಸೊಸೆಯ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದರು, ನಾನು ಚೀಲ ಹಿಡಿದು ಹಿಂದೆಯೇ ಹೋಗುತ್ತಿದ್ದೆ. ಕಾರಿನ ಹತ್ತಿರ ನಿಂತು, ಒಳಗೆ ತಮ್ಮ ಜೊತೆ ಇದ್ದ ಹುಡುಗಿ ಯಾರು ಎಂದು ಸೊಸೆಯನ್ನು ಕೇಳಿದರು. ಅವಳು ನನ್ನ ಹೆಸರು ಹೇಳಿದಳು, ಹನ್ನೊಂದು ವರ್ಷ ಜೊತೆಗಿದ್ದವರು ಎಂದಳು. ಸಿಸ್ಟರ್ ತಲೆ ಅಲ್ಲಾಡಿಸಿದರು.

"ಯಾರೋ, ಗೊತ್ತಾಗ್ಲಿಲ್ಲಮ್ಮ," ಎಂದರು. "ಆದ್ರೆ ಅವಳ ಕೈಲಿ ಕೆಲಸ ಕೆಡಲ್ಲ."

ನನಗೆ ಐವತ್ತೆರಡು ವರ್ಷ. ಹೋಗಿಬರುವವರೆಲ್ಲ ನೋಡುತ್ತಿದ್ದರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೆಮ್ಮೆಗೆ ಅತ್ತುಬಿಟ್ಟೆ.