ಅಂಗೈಯ ಮಸಿ

ಅಂಗಳಕ್ಕೆ ನೀರು ಹಾಕಿ ರಂಗೋಲಿಯ ಎರಡನೆಯ ಎಳೆ ಬಿಡುತ್ತಿದ್ದೆ. ಒಳಗಿನಿಂದ ಯಜಮಾನರು ಕೂಗಿದರು.

"ಲಿಂಗೀ, ಅದನ್ನ ಅಲ್ಲೇ ಬುಡು. ಹಲಗೆ ಬಂದೈತೆ, ಬಂದು ಕಾಗ್ದ ಅಂಟ್ಸು."

ಪಕ್ಕದ ಮನೆಯ ಇದ್ರೀಸ್ ಸಾಹೇಬರು ಆಲೆಮರದ ಹಲಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರು ದಿನ ಉಜ್ಜಿ ಹಾಲಿನ ಕೆನೆಯ ಹಾಗೆ ನುಣುಪು ಮಾಡಿದ್ದರು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಎಲ್ಲರೂ ಗಿಲಕಿ, ಬುಗುರಿ ಮಾಡುವವರೇ. ನಮ್ಮ ಯಜಮಾನರು ಮಾತ್ರ ಅದರ ಜೊತೆಗೆ ಹಲಗೆಯಲ್ಲಿ ಚಿತ್ರದ ಅಚ್ಚು ಕೆತ್ತುತ್ತಿದ್ದರು. ಊರಿನಲ್ಲಿ ತಯಾರಾಗುವ ವೀಣೆಯ ತಂತಿಗೆ ಸುತ್ತುವ ಕಾಗದದ ಮೇಲೆ ಇವರ ಅಚ್ಚಿನ ನವಿಲು ಇರುತ್ತಿತ್ತು. ಆ ನವಿಲನ್ನು ನೋಡಿಯೇ ಬೆಂಗಳೂರಿನವರೊಬ್ಬರು ರೈಲಿನಲ್ಲಿ ಹುಡುಕಿಕೊಂಡು ಬಂದಿದ್ದರು. ಅವರು ಸಂಗೀತಕ್ಕೆಂದೇ ಒಂದು ಮಾಸಪತ್ರಿಕೆ ಹೊರಡಿಸುವವರಿದ್ದರು. ನವರಾತ್ರಿಗೆ ಮೊದಲ ಸಂಚಿಕೆ. ಮುಖಪುಟಕ್ಕೆ ವೀಣೆ ನುಡಿಸುವ ಹೆಂಗಸಿನ ಚಿತ್ರ ಬೇಕು, ಅಕ್ಷರಗಳನ್ನು ಅಚ್ಚುಕೂಟದಲ್ಲೇ ಜೋಡಿಸಿಕೊಳ್ಳುತ್ತೇವೆ ಎಂದಿದ್ದರು.

ಯಜಮಾನರ ಉಳಿ ಚುರುಕು, ಆದರೆ ಮನುಷ್ಯರ ಮುಖ ಬರೆಯಲು ಅವರಿಗೆ ಬಾರದು. ಬರೆದವಳು ನಮ್ಮ ಮಗಳು ಕಾವೇರಿ. ಆಗ ಅವಳಿಗೆ ಒಂಬತ್ತು ವರ್ಷ.

ಕಾವೇರಿಗೆ ಎಡಗೈಯೇ ಮುಂದು. ಎದ್ದ ಕೂಡಲೇ ನನ್ನ ಅತ್ತೆ ಬೈರಮ್ಮ ಹಳೆಯ ಸೀರೆಯ ಅಂಚಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟಿಬಿಡುತ್ತಿದ್ದರು. "ಎಡಗೈಯಾಗೆ ಉಂಡು ಎಡಗೈಯಾಗೆ ಇಕ್ಕಿದ್ರೆ ನಾಳೆ ಯಾವ ಮನೆಯೋರು ತಂದ್ಕತಾರೆ?" ಅತ್ತೆ ಬಾವಿಗೆ ಹೋದಾಗ ನಾನು ಗಂಟು ಬಿಚ್ಚುತ್ತಿದ್ದೆ, ಕೊಡದ ಸದ್ದು ಕೇಳಿದಾಗ ಮತ್ತೆ ಕಟ್ಟುತ್ತಿದ್ದೆ. ಆ ಬಿಡುವಿನಲ್ಲಿ ಅವಳು ದೀಪದ ಮಸಿ ಕಲಸಿ ಬರೆದ ಹೆಂಗಸನ್ನು ಯಜಮಾನರು ನೋಡಿದರು.

"ಅವ್ವಾ, ಈ ಪಟ ಬೆಂಗ್ಳೂರೋರು ಒಪ್ಪಿದ್ರೆ ಇವಳ ಕೈ ಕಟ್ಟೋದ ಬುಟ್ಬುಡು" ಎಂದರು ಅತ್ತೆಗೆ.

"ಒಪ್ಪದಿದ್ರೆ?"

"ನೀನೇಳ್ದಂಗೆ."

ಅತ್ತೆ ಹೇಳುತ್ತಿದ್ದುದು ಏನೆಂದು ನಮಗೆಲ್ಲ ಗೊತ್ತಿತ್ತು. ಬೊಂಬೆಗೆ ಬಣ್ಣ ಹಿಡಿಸುವ ಅರಗನ್ನು ಕಾಯಿಸಿ ಎರಡು ಬೆರಳು ಅಂಟಿಸಿಬಿಟ್ಟರೆ ಎಡಗೈ ತಾನಾಗಿ ಹಿಂದೆ ಸರಿಯುತ್ತದೆ ಎನ್ನುತ್ತಿದ್ದರು. ಬೆದರಿಕೆ ಎಂದುಕೊಂಡಿದ್ದೆ.

ಕಾವೇರಿ ಮಾತ್ರ ಕುಣಿದಾಡಿದಳು. ತಂತಿ ಅಂಗಡಿಯಲ್ಲಿ ಒಬ್ಬ ಮೇಷ್ಟ್ರು ವೀಣೆ ನುಡಿಸಿ ನೋಡುವುದನ್ನು ಅವಳು ಕಂಡಿದ್ದಳು. "ಬಲಗೈ ಮೀಟೋದು, ಎಡಗೈ ಸ್ವರ ಹಿಡಿಯೋದು. ಎಡಗೈಗೂ ಕೆಲಸ ಐತೆ ಕಣವ್ವಾ!" ಎಂದು ನನ್ನ ಸೊಂಟ ಹಿಡಿದುಕೊಂಡು ಹೇಳಿದಳು. ಚಿತ್ರದಲ್ಲೂ ಹಾಗೆಯೇ ಬರೆದಿದ್ದಳು.

ಕಾಗದ ಅಂಟಿಸುವುದು ಮೊದಲಿನಿಂದಲೂ ನನ್ನ ಕೆಲಸ. ಹಲಗೆಗೆ ಗಂಜಿ ಬಳಿದು, ಮಸಿಯ ಮಗ್ಗುಲನ್ನು ಕೆಳಗೆ ಮಾಡಿ ಕಾಗದ ಒತ್ತಬೇಕು. ಕಾಗದದ ಬೆನ್ನಿಗೆ ಎಣ್ಣೆ ಸವರಿದರೆ ಚಿತ್ರ ಎಡಬಲ ತಿರುವುಮುರುವಾಗಿ ಮೇಲೆ ಕಾಣುತ್ತದೆ. ಹಾಗೆ ಕೆತ್ತಿದರೆ ಅಚ್ಚಿನಲ್ಲಿ ನೇರವಾಗಿ ಬೀಳುತ್ತದೆ. ಕೆತ್ತುತ್ತ ಹೋದಂತೆ ಕಾಗದವೂ ಚೂರುಚೂರಾಗಿ ಉದುರಿಹೋಗುತ್ತದೆ.

ಆ ದಿನ ರಂಗೋಲಿ ಹಿಟ್ಟಿನ ಕೈ ಒರೆಸಿಕೊಂಡು ಗಂಜಿ ಬಳಿದೆ. "ಹಾಲು ಉಕ್ತಾ ಐತಲ್ಲೇ, ಕಣ್ಣು ಎಲ್ಲಿಕ್ಕಿದ್ದೀಯೆ?" ಎಂದು ಅತ್ತೆ ಅಡುಗೆಮನೆಯಿಂದ ಚೀರಿದರು. ಕಾಗದ ಇಟ್ಟು, ಅಂಗೈಯಿಂದ ನಾಲ್ಕು ಸಲ ಒತ್ತಿ, ಎಣ್ಣೆ ಬಳಿದು ಒಲೆಗೆ ಓಡಿದೆ. ಹಾಲಿನ ಪಾತ್ರೆ ಇಳಿಸಿ ನೋಡಿದರೆ ಬಲ ಅಂಗೈ ಕಪ್ಪಾಗಿತ್ತು. ಪಾತ್ರೆಯ ಮಸಿ ಎಂದುಕೊಂಡೆ. ಹೊಸ್ತಿಲಲ್ಲಿ ಕೂತಿದ್ದ ಕಾವೇರಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸೆರಗಿಗೆ ಒರೆಸಿಕೊಂಡು ಅವಳ ಕೆನ್ನೆ ಹಿಂಡಿದೆ.

ಯಜಮಾನರು ಹನ್ನೊಂದು ದಿನ ಕೆತ್ತಿದರು. ತಂತಿಯ ಲೇಬಲ್ಲಾಗಿದ್ದರೆ ಅಕ್ಷರ ನೋಡಿದ ಕೂಡಲೇ ತಪ್ಪು ತಿಳಿಯುತ್ತಿತ್ತು. ಇದರಲ್ಲಿ ಅಕ್ಷರವಿರಲಿಲ್ಲ, ಅವರು ವೀಣೆ ಮುಟ್ಟಿದವರೂ ಅಲ್ಲ. ಕಂಡ ಗೆರೆಯ ಮೇಲೆ ಉಳಿ ಓಡಿಸಿದರು. ಅಷ್ಟು ದಿನವೂ ಕಾವೇರಿ ಕೈ ಕಟ್ಟಿಸಿಕೊಂಡೇ ಪಕ್ಕದಲ್ಲಿ ಕೂತು, ಹಾರಿ ಬಿದ್ದ ಚೂರುಗಳನ್ನು ಕಾಲ್ಬೆರಳಿನಿಂದ ಗುಡ್ಡೆ ಮಾಡುತ್ತಿದ್ದಳು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ರೈಲಿಗೆ ಹಾಕಿ ಕಳುಹಿಸಿದೆವು.

ಎಂಟನೆಯ ದಿನ ಮಧ್ಯಾಹ್ನ ಪತ್ರಿಕೆಯವರು ತಾವೇ ಬಂದರು. ಜಗಲಿಯ ಮೇಲೂ ಕೂರಲಿಲ್ಲ. ಬಟ್ಟೆ ಬಿಚ್ಚಿ ಅಚ್ಚನ್ನು ಕೆಳಗಿಟ್ಟು, ಅದರಿಂದ ತೆಗೆದ ಕಾಗದವನ್ನು ಯಜಮಾನರ ಮುಂದೆ ಹಿಡಿದರು.

"ಇದೇನಯ್ಯಾ ಇದು? ಎಡಗೈಯಲ್ಲಿ ಮೀಟುತ್ತಿದ್ದಾಳೆ! ನಾನು ಹೊರಡಿಸುವುದು ಸಂಗೀತದ ಪತ್ರಿಕೆ, ಸರ್ಕಸ್ ಕಂಪನಿಯ ಜಾಹೀರಾತಲ್ಲ. ವಿದ್ವಾಂಸರು ನೋಡಿದರೆ ನನ್ನ ಮುಖಕ್ಕೇ ಉಗಿಯುತ್ತಾರೆ."

"ಸ್ವಾಮಿ, ಇನ್ನೊಂದ್ಸಲ..."

"ನವರಾತ್ರಿಗೆ ಎಷ್ಟು ದಿನ ಉಳಿದಿದೆ? ನಿನ್ನ ಕೈಗೆ ಗಿಲಕಿಯೇ ಸರಿ. ಮಕ್ಕಳು ಹೇಗಿದ್ದರೂ ಅಲ್ಲಾಡಿಸುತ್ತವೆ."

ಗಾಡಿ ಬೀದಿಯ ತಿರುವು ದಾಟಿತು. ಆಮೇಲೆ ಅತ್ತೆ ಚಪ್ಪಾಳೆ ತಟ್ಟಿದರು.

"ನಾನೇನಂದೆ? ಬರೆದೋಳು ಎಡಚಿ. ಪಟದೋಳೂ ಎಡಚಿ!"

"ನಾನು ಸರಿಯಾಗೇ ಬರ್ದಿದ್ದೆ" ಎಂದಳು ಕಾವೇರಿ. "ಬಲಗೈಲೇ ಮೀಟ್ತಿದ್ದಳು. ಅಪ್ಪಾ, ನೀನೂ ನೋಡಿದ್ದೆ."

ಯಜಮಾನರು ತಲೆ ಕೆರೆದುಕೊಂಡರು. ಅವರಿಗೆ ಮುಖ ನೆನಪಿತ್ತು, ಕೈ ನೆನಪಿರಲಿಲ್ಲ. ಗಲಾಟೆ ಕೇಳಿ ಬಂದಿದ್ದ ಇದ್ರೀಸ್ ಸಾಹೇಬರು ಅಚ್ಚನ್ನು ಎತ್ತಿ ತಿರುಗಿಸಿ ನೋಡಿ ಯಜಮಾನರಿಗೆ ಹೇಳಿದರು.

"ಕಿಷ್ಣಪ್ಪಾ, ಮಗೂನ ಬೈಬ್ಯಾಡ ಕಣಪ್ಪ. ಕಾಗ್ದದ ಮಗ್ಗುಲು ತಪ್ಪಿದ್ರೂ ಹಿಂಗೇ ಆಯ್ತದೆ."

ಯಜಮಾನರು ನನ್ನ ಕಡೆ ತಿರುಗಿದರು. "ಹೆಂಗೆ ಅಂಟ್ಸಿದ್ದೆ?"

ಆ ಕ್ಷಣಕ್ಕೆ ನನ್ನ ಕಪ್ಪು ಅಂಗೈ ಕಣ್ಣ ಮುಂದೆ ಬಂತು. ಮಸಿಯ ಮಗ್ಗುಲು ಕೆಳಗಿದ್ದರೆ ಒತ್ತಿದ ಕೈಗೆ ಮಸಿ ಹತ್ತುವುದಿಲ್ಲ. ಹಿಂದಿನ ವರ್ಷ ಒಂದು ಲೇಬಲ್ ಹರಿದದ್ದಕ್ಕೆ ಇವರು ನನ್ನನ್ನು ಕಲ್ಯದ ತವರಿಗೆ ಅಟ್ಟಿ, ಮಗುವನ್ನು ಇಲ್ಲೇ ಇಟ್ಟುಕೊಂಡಿದ್ದರು. ನಾಲ್ಕು ತಿಂಗಳು. ತಿರುಗಿ ಬಂದಾಗ ಅವಳ ಮುಂಗೈಯಲ್ಲಿ ಗಂಟಿನ ಹುಣ್ಣಾಗಿತ್ತು. ನಾನು ಹೋದರೆ ಗಂಟು ಬಿಚ್ಚುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ.

"ಯಾವಾಗ್ಲೂ ಅಂಟ್ಸೋ ಹಂಗೇ" ಎಂದೆ.

ಕಾವೇರಿ ನನ್ನನ್ನು ನೋಡಿದಳು. ಸಾಹೇಬರು ಅಚ್ಚು ಕೆಳಗಿಟ್ಟು ಹೊರಟುಹೋದರು.

ಅತ್ತೆ ಕೆಂಡ ಮಾಡಿ ಕೆಂಪು ಅರಗಿನ ಕಡ್ಡಿ ಇಟ್ಟರು. ಗಿಳಿಬೊಂಬೆಯ ಕೊಕ್ಕಿಗೆ ಹಚ್ಚುವ ಕೆಂಪು ಅದು. ಯಜಮಾನರು ಬೊಂಬೆ ಕಡೆಯುವ ತಿರುಗಣೆಯ ಮುಂದೆ ಕೂತು, ಮಾಡಲು ಏನೂ ಇಲ್ಲದಿದ್ದರೂ ಅದನ್ನು ತಿರುಗಿಸತೊಡಗಿದರು.

"ನೀನೇ ಹಿಡ್ಕೊ" ಎಂದರು ಅತ್ತೆ. "ಹೆತ್ತೋಳು ಹಿಡಿದ್ರೆ ಮಗು ಒದ್ದಾಡಕಿಲ್ಲ."

ತೊಡೆಯ ಮೇಲೆ ಕೂರಿಸಿಕೊಂಡೆ. ತಲೆ ಬಾಚುವಾಗ ಕೂರಿಸಿಕೊಳ್ಳುತ್ತಿದ್ದ ಹಾಗೆಯೇ. ಅವಳ ಮುಖವನ್ನು ಎದೆಗೆ ಒತ್ತಿಕೊಂಡು, ಮುಂಗೈ ಹಿಡಿದು ಚಾಚಿದೆ. ಅತ್ತೆ ಹೇಳಿದ್ದು ನಿಜ. ಅವಳು ಒದ್ದಾಡಲಿಲ್ಲ. ನನ್ನ ರವಿಕೆಯನ್ನು ಹಲ್ಲಿನಿಂದ ಕಚ್ಚಿಕೊಂಡಳು, ಅಷ್ಟೆ.

ಬೆಣ್ಣೆ ಹಚ್ಚಿದೆ, ಲೋಳೆಸರ ಹಚ್ಚಿದೆ. ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಉಣ್ಣಿಸಿದೆ. ಅವಳು ಉಂಡಳು, ನೀರು ಕೇಳಿದಳು, ಉಚ್ಚೆಗೆ ಹೋಗಬೇಕೆಂದಳು. ಬೇರೆ ಮಾತಿಲ್ಲ. ಇಂದು ಹೇಳುತ್ತೇನೆ ಎಂದು ಪ್ರತಿ ಬೆಳಗ್ಗೆ ಅಂದುಕೊಂಡೆ. ಹೇಳಿದರೆ ಸುಟ್ಟ ಬೆರಳು ತಿರುಗಿ ಬರುತ್ತದೆಯೇ ಎಂದು ಪ್ರತಿ ಸಂಜೆ ಅಂದುಕೊಂಡೆ. ತೋರುಬೆರಳೂ ನಡುಬೆರಳೂ ಒಂದಕ್ಕೊಂದು ಕೂಡಿಕೊಂಡು ಗಾಯ ಮಾಯಿತು. ಕೈ ಕಟ್ಟುವ ಕೆಲಸ ತಪ್ಪಿತೆಂದು ಅತ್ತೆ ಸೀರೆಯ ಅಂಚನ್ನು ಒರೆಸುವ ಬಟ್ಟೆಗೆ ಹಾಕಿದರು. ಅಚ್ಚಿನ ಹಲಗೆಯನ್ನು ನೀರಿನ ಬಾನಿಗೆ ಮುಚ್ಚಳ ಮಾಡಿದರು, ಚಿತ್ರ ಮೇಲೆ ಮಾಡಿ.

ಒಂದು ಬೆಳಗ್ಗೆ ರಂಗೋಲಿ ಹಾಕುತ್ತಿದ್ದೆ. ಕಾವೇರಿ ನೀರು ಕುಡಿಯಲು ಬಾನಿಯ ಹತ್ತಿರ ಹೋದಳು. ಬಲಗೈಯಿಂದ ಮುಚ್ಚಳ ಎತ್ತಲು ಹೋದರೆ ಅದು ಜಾರಿತು. ಅಂಗೈ ಊರಿ ಮತ್ತೆ ಎತ್ತಿದಳು. ಅಚ್ಚುಕೂಟದ ಎಣ್ಣೆಮಸಿ ಇನ್ನೂ ಪೂರ್ತಿ ಒಣಗಿರಲಿಲ್ಲ.

ಅವಳು ನೀರು ಕುಡಿಯಲಿಲ್ಲ. ಕಪ್ಪಾದ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಾಗೆಯೇ ಅದನ್ನು ಬಿಡಿಸಿ ಹಿಡಿದುಕೊಂಡು ಅಂಗಳಕ್ಕೆ ಬಂದು, ನನ್ನ ಅರ್ಧ ರಂಗೋಲಿಯನ್ನು ತುಳಿಯದ ಹಾಗೆ ಸುತ್ತಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಅವ್ವಾ, ಕಾಗ್ದ ಅಂಟ್ಸಿದ ದಿನ ನಿನ್ನ ಕೈಗೆ ಮಸಿ ಯಾಕೆ ಹತ್ತಿತ್ತು?"