ಮೇಷ್ಟ್ರ ಹಿಮ್ಮಡಿ

ಇರುವೆ ಹೆಗಲು ಬದಲಿಸಿದರೂ ಅವನಿಗೆ ಕೇಳಿಸುತ್ತದೆ ಎಂದು ಸ್ಟುಡಿಯೋದಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಬರೀ ಬೊಗಳೆ. ಇರುವೆ ಸಕ್ಕರೆ ಹೊತ್ತಿದ್ದರೆ ಮಾತ್ರ ಕೇಳಿಸುತ್ತಿತ್ತು. ಹಳೆಯ ಟೇಪುಗಳಲ್ಲಿನ ಕರಕರ, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ಸೋಸಿ ಸಂಗೀತವನ್ನಷ್ಟೇ ಉಳಿಸುವುದು ಅವನ ಕೆಲಸ. ಹಾಗಾಗಿ ಜರಡಿ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲಿ ಹೆಂಡತಿ ಬೈಯಲು ಉಸಿರೆಳೆದುಕೊಂಡ ಕೂಡಲೇ ಇವನು "ಆಯ್ತಮ್ಮಾ, ತಪ್ಪಾಯ್ತು" ಅಂದುಬಿಡುತ್ತಿದ್ದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆಗೆ ಒಂದು ಬೈಗುಳವನ್ನೂ ನೆಟ್ಟಗೆ ಮುಗಿಸಲು ಆಗಿರಲಿಲ್ಲ.

ಈಗ ಅವನ ಕೈಯಲ್ಲಿದ್ದದ್ದು ದೊಡ್ಡ ಮೇಷ್ಟ್ರ ಕೆಲಸ. ಎಂಬತ್ತು ಜನರ ವಾದ್ಯವೃಂದವನ್ನು ಗೇಣುದ್ದದ ಕಡ್ಡಿಯೊಂದರಲ್ಲಿ ಮೂವತ್ತು ವರ್ಷ ಆಳಿದ ಮನುಷ್ಯ. ಅವರು ಕಡ್ಡಿ ಎತ್ತಿದರೆ ಸಭಾಂಗಣದ ನೊಣಗಳು ಕೂಡ ರೆಕ್ಕೆ ನಿಲ್ಲಿಸಿ ಗಾಳಿಯಲ್ಲೇ ನಿಂತಿರುತ್ತಿದ್ದವಂತೆ. ಕಂಡವರು ಇನ್ನೂ ಬದುಕಿದ್ದಾರೆ. ಮೇಷ್ಟ್ರು ಹೋಗಿ ಹತ್ತು ವರ್ಷವಾಗಿತ್ತು. ಅವರ ಧ್ವನಿಮುದ್ರಣಗಳನ್ನೆಲ್ಲ ಸೇರಿಸಿ ಮೂವತ್ತಾರು ಸಿ.ಡಿ.ಗಳ ಒಂದು ಪೆಟ್ಟಿಗೆ ತರಲು ಕಂಪನಿ ಹೊರಟಿತ್ತು. "ದೊಡ್ಡ ಕಂಡಕ್ಟರ್ ಒಬ್ಬರ ರೆಕಾರ್ಡಿಂಗು ತೊಳೀತಿದಾರೆ ನಮ್ಮನೆಯವರು" ಎಂದು ಹೆಂಡತಿ ಪಕ್ಕದ ಮನೆಯವಳಿಗೆ ಹೇಳಿದ್ದಕ್ಕೆ ಆಕೆ "ಯಾವ ರೂಟಿನವರು?" ಎಂದು ಕೇಳಿದ್ದಳು.

ಏಳು ತಿಂಗಳು ಸೋಸಿದ. ಹೆಚ್ಚು ಪ್ರಾಣ ತಿಂದದ್ದು ಒಂದು ಸದ್ದು: ಧಬ್. ಮರದ ಹಲಗೆಗೆ ಏನೋ ಬಡಿದಂತೆ. ಮೂವತ್ತಾರು ಸಿ.ಡಿ.ಗಳಲ್ಲೂ ಇತ್ತು. ಸಂಗೀತ ಪೂರ್ತಿ ನಿಂತು ಮತ್ತೆ ಶುರುವಾಗುವ ಕಡೆಯಲ್ಲೆಲ್ಲ, ಕೂದಲೆಳೆಯಷ್ಟು ಮುಂಚೆ, ಧಬ್. ಒಟ್ಟು ಎರಡು ಸಾವಿರದ ಮುನ್ನೂರ ಹನ್ನೊಂದು. ಒಂದೊಂದನ್ನೂ ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ತೆಗೆದ. ತೆಗೆದದ್ದನ್ನು ಎಸೆಯಲಿಲ್ಲ. ಅವನ ಕಸುಬಿನ ರೂಢಿಯೇ ಹಾಗೆ: ಸೋಸಿದ ಕಸವನ್ನೆಲ್ಲ ಬೇರೆ ಫೈಲಿನಲ್ಲಿ, ಆಯಾ ಜಾಗದಲ್ಲೇ ಇಟ್ಟುಕೊಂಡು, ಕೊನೆಗೆ ಕಸವನ್ನೊಂದೇ ಕೇಳಬೇಕು; ಅದರ ಜೊತೆ ಸಂಗೀತವೇನಾದರೂ ಹೋಗಿದೆಯೇ ಎಂದು ನೋಡಲು. ಜರಡಿಯ ಕಸದಲ್ಲಿ ಅರ್ಧ ಸ್ವರವೂ ಇರಲಿಲ್ಲ. ಬೀಗಿಹೋದ.

ಸೋಮವಾರ ಎಲ್ಲವೂ ಅಚ್ಚಿಗೆ ಹೋಗಬೇಕು ಎನ್ನುವಾಗ ಶುಕ್ರವಾರ ಬೆಳಿಗ್ಗೆ ಒಬ್ಬರು ಅಜ್ಜ ಬಂದರು. ಮೇಷ್ಟ್ರ ವಾದ್ಯವೃಂದದಲ್ಲಿ ಕೊನೆಯ ಸಾಲಿನ ಡಬಲ್ ಬಾಸ್ ನುಡಿಸುತ್ತಿದ್ದವರು. ಪಿಟೀಲಿನ ಅಣ್ಣನಂತಿದ್ದ ಆಳೆತ್ತರದ ಆ ವಾದ್ಯವನ್ನು ಸೊಸೆ ಬೆನ್ನ ಮೇಲೆ ಹೊತ್ತಿದ್ದಳು.

"ಬಸ್ಸಲ್ಲಿ ಕಂಡಕ್ಟರು ಇದಕ್ಕೆ ಟಿಕೆಟ್ ತಗೋ ಅಂದ ಸಾರ್," ಎಂದಳು ಸೊಸೆ, ಏದುಸಿರು ಬಿಡುತ್ತಾ. "ಮಾವನ್ನ ಲಗೇಜು ಅಂದ್ಕೊಂಡ."

"ಪೆಟ್ಟಿಗೆ ಬರ್ತಿದೆ ಅಂತ ಕೇಳ್ದೆ," ಎಂದರು ಅಜ್ಜ. "ಮೇಷ್ಟ್ರ ಜೊತೆ ಇನ್ನೊಂದೇ ಒಂದು ಸಲ ನುಡಿಸ್ಬೇಕು ಅಂತ ಆಸೆ ಕಣಪ್ಪಾ. ಟೇಪ್ ಹಾಕು. ಸರಿಯಾದ ಜಾಗಕ್ಕೆ ಬಂದ್ರೆ ಸಾಯೋತನಕ ನುಡಿಸ್ತೀನಿ. ಬರ್ಲಿಲ್ಲ ಅಂದ್ರೆ ಇವತ್ತೇ ಇದನ್ನ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋತೀನಿ."

"ಕೊಟ್ರೆ ಒಂದು ಮಂಚ ಹಾಕೋಷ್ಟು ಜಾಗ ಆಗುತ್ತೆ," ಎಂದಳು ಸೊಸೆ. ಆದರೂ ವಾದ್ಯವನ್ನು ಹಸುಗೂಸಿನಂತೆ ಗೋಡೆಗೆ ಒರಗಿಸಿದಳು.

ಜರಡಿ ಹದಿನಾಲ್ಕನೆಯ ಸಿ.ಡಿ. ಹಾಕಿದ. ಪಿಟೀಲುಗಳು ಏರಿ, ಇಳಿದು, ಸುಮ್ಮನಾದವು. ಅಜ್ಜ ಕಮಾನು ಎತ್ತಿ ಹಿಡಿದರು. ಮೌನ. ಸಂಗೀತ ಮತ್ತೆ ಎದ್ದಿತು. ಅಜ್ಜನ ಕಮಾನು ಎತ್ತಿದಲ್ಲೇ ಇತ್ತು.

"ಇನ್ನೊಂದ್ಸಲ."

ಇನ್ನೊಂದು ಸಲವೂ ಅದೇ. ಮೂರನೆಯ ಸಲ ಅಜ್ಜ ಕಮಾನನ್ನು ತೊಡೆಯ ಮೇಲಿಟ್ಟರು.

"ಕೈ ಅಲ್ಲ, ತಲೇನೇ ಹೋಗಿದೆ. ಮೇಷ್ಟ್ರು ನನ್ನ ಕರೀತಾನೇ ಇಲ್ಲ." ಸೊಸೆಯ ಕಡೆ ತಿರುಗಿದರು. "ನಡಿಯಮ್ಮಾ. ಮಂಚ ಹಾಕಿಸ್ಕೋ."

ಸೊಸೆ ಕಮಾನನ್ನು ಎತ್ತಿ ಮತ್ತೆ ಅವರ ಕೈಗಿಟ್ಟಳು.

"ಕರೆಯೋದು ಅಂದ್ರೇನಜ್ಜಾ?" ಎಂದ ಜರಡಿ. "ಕಡ್ಡಿ ನೋಡ್ಕೊಂಡು ತಾನೇ ಎಲ್ಲರೂ ಶುರು ಮಾಡೋದು?"

"ಕಡ್ಡಿ ಬಿಳೀದೋ ಕರೀದೋ ನಂಗೇನು ಗೊತ್ತು? ಕಣ್ಣು ಹೋಗಿ ನಲವತ್ತೆಂಟು ವರ್ಷ ಆಯ್ತು."

ಜರಡಿ ಮೊದಲ ಬಾರಿಗೆ ಅವರ ಮುಖ ನೋಡಿದ. ಕಪ್ಪು ಕನ್ನಡಕ ಇತ್ತು. ಬಂದಾಗಿನಿಂದಲೂ ಇತ್ತು. ಅವನು ಮನುಷ್ಯರನ್ನು ಕೇಳಿಸಿಕೊಳ್ಳುತ್ತಿದ್ದನೇ ಹೊರತು ನೋಡುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ.

"ಸದ್ದು ಇದ್ದಾಗ ನಂಗೆ ಕಿವಿ ಸಾಕು," ಎಂದರು ಅಜ್ಜ. "ಸದ್ದು ನಿಂತು ಮತ್ತೆ ಶುರುವಾಗೋ ಕಡೆ ಕಿವಿ ಏನು ಮಾಡುತ್ತೆ? ಅದಕ್ಕೆ ಮೇಷ್ಟ್ರು ನಂಗೋಸ್ಕರ ಹಿಮ್ಮಡಿ ಊರೋರು. ಧಬ್ ಅಂತ. ನಾನು ಬಂದುಬಿಡ್ತಿದ್ದೆ. ಕಣ್ಣಿಲ್ಲ ಅಂತ ಮೇಲಿನವರಿಗೆ ಗೊತ್ತಾಗಿದ್ರೆ ಮಾರನೇ ದಿನ ಮನೆಗೆ ಕಳಿಸೋರು. ನೋಟಿನ ಪುಸ್ತಕ ಬೇರೆ ಮುಂದಿಟ್ಕೊಂಡು ಹಾಳೆ ತಿರುವ್ತಿದ್ದೆ. ಆರು ವರ್ಷ ಅದು ತಲೆಕೆಳಗಾಗಿತ್ತಂತೆ."

"ಎಂಬತ್ತು ಜನದಲ್ಲಿ ಒಬ್ರೂ ಬಾಯಿ ಬಿಡ್ಲಿಲ್ವಾ?"

"ಅರ್ಧ ಜನರ ಬಾಯಲ್ಲಿ ವಾದ್ಯ ಇರ್ತಿತ್ತು. ಮಿಕ್ಕವರಿಗೆ ಮೇಷ್ಟ್ರ ಭಯ."

ಜರಡಿಗೆ ಇದ್ದದ್ದು ಎರಡೇ ದಾರಿ. ಸುಮ್ಮನಿದ್ದರೆ ಅಜ್ಜ ತಲೆ ಹೋಯಿತೆಂದುಕೊಂಡೇ ಮನೆಗೆ ಹೋಗುತ್ತಾರೆ, ಪೆಟ್ಟಿಗೆ ಸೋಮವಾರ ಅಚ್ಚಿಗೆ ಹೋಗುತ್ತದೆ. ಬಾಯಿ ಬಿಟ್ಟರೆ ಏಳು ತಿಂಗಳ ಕೆಲಸ ಮಣ್ಣುಪಾಲು.

"ಅಜ್ಜಾ, ನಿಮ್ಮ ತಲೆ ಸರಿಯಾಗೇ ಇದೆ. ಆ ಧಬ್‌ನೆಲ್ಲ ಕಿತ್ತುಹಾಕಿದವನು ನಾನು."

"ಏನ್ ಸಾರ್ ನೀವು!" ಎಂದಳು ಸೊಸೆ. "ಹೇನು ಹೆಕ್ಕೋಕೆ ಹೋಗಿ ತಲೇನೇ ತೆಗೆದ್ರಲ್ಲ!"

ಜರಡಿ ಕಸದ ಫೈಲು ತೆರೆದ. ಸಂಗೀತವಿಲ್ಲ, ಬರೀ ಕಸ. ಒಂದು ಕೆಮ್ಮು. ಹಾಳೆ ಮಗುಚಿದ ಸದ್ದು. ಧಬ್.

ಅಜ್ಜ ನೆಟ್ಟಗೆ ಕುಳಿತರು. "ಹೊಸ ಬೂಟು. ಕಚ್ತಾ ಇದೆ ಅವರಿಗೆ." ಇನ್ನೊಂದು ಧಬ್. "ತುತ್ತೂರಿಯವನ ಮೇಲೆ ಸಿಟ್ಟು ಬಂದಿದೆ. ಸ್ವಲ್ಪ ಮುಂಚೆ ಅವನೇನೋ ತಪ್ಪಿಸಿದಾನೆ." ಆಮೇಲೆ ಕಮಾನು ಎತ್ತಿದರು.

ಮುಂದಿನ ಧಬ್‌ಗೆ ಡಬಲ್ ಬಾಸ್ ಮೊಳಗಿತು. ಕೋಣೆಯಲ್ಲಿ ಪಿಟೀಲಿಲ್ಲ, ಕೊಳಲಿಲ್ಲ. ಸತ್ತ ಮನುಷ್ಯನೊಬ್ಬನ ಹಿಮ್ಮಡಿ, ಬದುಕಿದ ಮನುಷ್ಯನೊಬ್ಬನ ತಂತಿ. ಎರಡರ ನಡುವಿನ ಉದ್ದುದ್ದ ಮೌನಗಳಲ್ಲಿ ಅಜ್ಜ ಉಳಿದ ಎಪ್ಪತ್ತೊಂಬತ್ತು ಜನರನ್ನು ಕೇಳಿಸಿಕೊಳ್ಳುತ್ತಿದ್ದರು. ಅವರ ತಲೆ ಒಮ್ಮೆ ಎಡಕ್ಕೆ ವಾಲುತ್ತಿತ್ತು, ಒಮ್ಮೆ ಬಲಕ್ಕೆ.

ಜರಡಿ ಸೋಸಿದ ಸಂಗೀತವನ್ನು ನಿಧಾನವಾಗಿ, ಕಳ್ಳನಂತೆ, ಅದರ ಮೇಲೆ ಬಿಟ್ಟ. ಧಬ್. ಸ್ಪೀಕರಿನಿಂದ ಇಡೀ ವಾದ್ಯವೃಂದ, ಕುರ್ಚಿಯಿಂದ ಅಜ್ಜ, ಒಂದೇ ಕ್ಷಣಕ್ಕೆ ಎದ್ದರು. ಮಧ್ಯೆ ದಾರ ತೂರಿಸುವಷ್ಟೂ ಜಾಗವಿರಲಿಲ್ಲ. ಇರುವೆಯ ನಡಿಗೆ ಕೇಳುವ ಕಿವಿಗೂ ಸಿಗಲಿಲ್ಲ. ನೆಲ ನಡುಗಿ ಕಾಲಿನಿಂದ ಬೆನ್ನಿಗೆ ಹತ್ತಿತು. ಏಳು ತಿಂಗಳು ಈ ಸಂಗೀತವನ್ನು ತೊಳೆದಿದ್ದ. ಇವತ್ತು ಮೊದಲ ಸಲ ಕೇಳಿದ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಬಾಗಿಲು ತೆರೆದು ಕಂಪನಿಯ ಮಾಲೀಕರು ಬಂದರು. "ಏನ್ರೀ, ಇನ್ನೂ ಧಬ್ ಧಬ್ ಅಂತಿದೆ? ಸೋಸಿ ಆಯ್ತು ಅಂದಿದ್ರಲ್ಲ?"

"ಆಗಿತ್ತು ಸಾರ್. ಈಗ ಕೆಮ್ಮು-ಗಿಮ್ಮು ಬಿಟ್ಟು ಧಬ್ ಮಾತ್ರ ಒಂದೊಂದಾಗಿ ವಾಪಸ್ ಹಾಕ್ಬೇಕು. ಎರಡು ಸಾವಿರದ ಮುನ್ನೂರ ಹನ್ನೊಂದು."

"ಸೋಮವಾರ—" ಎಂದು ಮಾಲೀಕರು ಶುರು ಮಾಡುವಷ್ಟರಲ್ಲಿ ಸಂಗೀತ ನಿಂತಿತು. ಮೌನದಲ್ಲಿ ಅವರ ಬೂಟು ಕಿರ್ ಎಂದಿತು.

"ಯಾರಯ್ಯಾ ಅದು," ಎಂದು ಗದರಿದರು ಅಜ್ಜ, ಕಮಾನು ಎತ್ತಿಹಿಡಿದೇ. "ಮೇಷ್ಟ್ರು ಇನ್ನೂ ಕರೆದಿಲ್ಲ."

ಮಾಲೀಕರು ಒಂದು ಕಾಲು ಎತ್ತಿದಲ್ಲೇ ನಿಂತರು.

"ಬಿಚ್ಚಿಬಿಡಿ ಸಾರ್," ಎಂದು ಸೊಸೆ ಪಿಸುಗುಟ್ಟಿದಳು.

ಮಾಲೀಕರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬೆಕ್ಕಿನಂತೆ ಬಂದು ಜರಡಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ, ಎಷ್ಟು ದಿನ ಬೇಕು ಎಂದು ಬೆರಳಿನಲ್ಲಿ ಕೇಳಿದರು. ಜರಡಿ ಎರಡು ಬೆರಳು ತೋರಿಸಿದ. ದಿನ ಅಲ್ಲ, ತಿಂಗಳು ಎಂದು ಸನ್ನೆ ಮಾಡಿದ. ಮಾಲೀಕರು ಹಣೆ ಒತ್ತಿಕೊಂಡು, ಆಗಲಿ ಎಂದು ತಲೆಯಾಡಿಸಿ, ಮುಂದಿನ ಧಬ್‌ಗೆ ಕಾಯುತ್ತಾ ಕೂತರು.