ಮನೆ ಯಾರ ಹೆಸರಿಗೆ

ವಕೀಲರು ಕುರ್ಚಿ ಎಳೆದು ಕೊಟ್ಟದ್ದು ಪಾರ್ವತೆಮ್ಮನಿಗೆ. ಅವಳ ಗಂಡ ವೆಂಕೋಬನಿಗೆ ಗೋಡೆ ಪಕ್ಕದ ಬೆಂಚು ತೋರಿಸಿದರು. ತಮ್ಮೂರು ಮುಕ್ಕುಂದದಲ್ಲಿ ನಾಲ್ಕು ಮಂದಿ ಎದ್ದು ಜಾಗ ಕೊಡುವ ಮನೆತನದ ಗಂಡಸಿಗೆ ಲಿಂಗಸುಗೂರಿನ ವಕೀಲ ಬೆಂಚು ತೋರಿಸುವುದೆಂದರೆ ಏನು! ಅವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಅಲ್ಲಿಯೇ.

ಪಾರ್ವತೆಮ್ಮ ಗೊರೇಬಾಳದ ಶಾಲೆಯ ಟೀಚರು. ವೆಂಕೋಬ ಅಣ್ಣ ಬಾಲಪ್ಪನ ಜೊತೆ ಕಾಲುವೆ ನೀರಿನ ಗದ್ದೆ ಮಾಡುತ್ತಿದ್ದ. ಮನೆ ಇನ್ನೂ ಪಾಲಾಗಿರಲಿಲ್ಲ. ಭತ್ತ ಮಾರಿದ ರೊಕ್ಕ ಅಣ್ಣನ ಕೈಯಲ್ಲಿ, ಒಲೆ ಅತ್ತಿಗೆ ಯಮನಮ್ಮನ ಕೈಯಲ್ಲಿ. ಬೆಳಗಿನ ಬಸ್ಸಿಗೆ ಹೋದ ಪಾರ್ವತೆಮ್ಮ ದೀಪ ಹಚ್ಚುವ ಹೊತ್ತಿಗೆ ಬಂದರೆ ರೊಟ್ಟಿಯ ಬುಟ್ಟಿ ಖಾಲಿ, ಅತ್ತಿಗೆಯ ಬಾಯಿ ಮಾತ್ರ ಭರ್ತಿ. ತನ್ನದು ಎನ್ನುವ ಒಂದು ಬಾಗಿಲು ಬೇಕು, ಅದರ ಚಿಲಕ ತಾನೇ ಹಾಕಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು.

ಆ ವರ್ಷ, ತೊಂಬತ್ಮೂರರಲ್ಲಿ, ಸಿಂಧನೂರಿನ ಶಂಶಾದ್‌ಬೀ ತನ್ನ ಚಿಕ್ಕ ಮನೆ ಮಾರುತ್ತಾಳೆಂದು ಗೊತ್ತಾಯಿತು. ಪಾರ್ವತೆಮ್ಮ ಬ್ಯಾಂಕಿಗೆ ಮನೆಸಾಲದ ಅರ್ಜಿ ಹಾಕಿದಳು. ಸಂಬಳ ಅವಳದು, ಸಾಲ ಅವಳ ಹೆಸರಿಗೆ, ಮನೆಯೂ ಅವಳ ಹೆಸರಿಗೆ. ಮನೆಯ ಕಾಗದಪತ್ರ ನೋಡಿ ಸರಿಯಿದೆ ಎನ್ನಬೇಕಾದವರು ಬ್ಯಾಂಕಿನ ವಕೀಲ ವಿರೂಪಾಕ್ಷಪ್ಪನವರು. ಅದಕ್ಕೇ ಗಂಡ ಹೆಂಡತಿ ಲಿಂಗಸುಗೂರಿಗೆ ಬಂದದ್ದು.

“ಸರ್, ನೀವು ಬ್ಯಾಂಕಿನ ಕಡ್ಯಾರೋ ನಮ್ಮ ಕಡ್ಯಾರೋ?” ಪಾರ್ವತೆಮ್ಮ ಕೇಳಿದಳು.

ವಕೀಲರು ನಕ್ಕರು. “ಫೀಸು ನಿಮ್ದು, ಕೆಲಸ ಬ್ಯಾಂಕಿಂದು. ಮನಿ ಮ್ಯಾಲ ಬ್ಯಾರೆ ಯಾರ್ದರ ಹಕ್ಕು, ಹಳೇ ಸಾಲ ಐತೇನು ಅಂತ ನಾ ನೋಡ್ತೀನಿ. ಬ್ಯಾಂಕಿಗೆ ಮೋಸ ಆಗ್ಲಿಲ್ಲಂದ್ರ ನಿಮಗೂ ಆಗಂಗಿಲ್ಲ.”

“ಅಸಲು ಖರೀದಿ ಪತ್ರ ಯಾರ ಹತ್ರ ಇರ್ತೈತ್ರಿ?”

“ಸಾಲ ತೀರೋತನಕ ಬ್ಯಾಂಕಿನ್ಯಾಗ, ತೀರಿದ ಮ್ಯಾಲ ನಿಮ್ಮ ಕೈಯಾಗ. ಚಲೋ ಕೇಳಿದ್ರಿ ನೋಡ್ರಿ ಟೀಚರ್. ಭಾಳ ಮಂದಿ ಇದನ್ನ ಕೇಳಂಗೇ ಇಲ್ಲ.”

ಚಲೋ ಕೇಳಿದ್ರಿ! ಬೆಂಚಿನ ಮೇಲಿದ್ದ ವೆಂಕೋಬನಿಗೆ ತಾನೂ ಏನಾದರೂ ಕೇಳಬೇಕು ಅನ್ನಿಸಿತು.

“ಗಂಡಸು ಇರೂ ಮನ್ಯಾಗ ಹೆಂಗಸಿನ ಹೆಸರಿಗೆ ಯಾಕ ಬರೀತೀರಿ?”

“ಸಂಬಳ ಯಾರ್ದು ಐತಿ, ಅವರ ಹೆಸರಿಗೆ,” ಎಂದು ವಕೀಲರು ಕಾಗದದಿಂದ ತಲೆ ಎತ್ತದೆ ಹೇಳಿದರು. ಆಮೇಲೆ ಪಾರ್ವತೆಮ್ಮನ ಕಡೆ ತಿರುಗಿದರು. “ನಿಮ್ಮ ಮನೆಯವರ ಮನಿ ಇನ್ನಾ ಪಾಲಾಗಿಲ್ಲಂತೀರಿ. ಅವರ ಹೆಸರು ಸೇರಿಸಬ್ಯಾಡ್ರಿ. ಸೇರಿಸಿದ್ರ ನಾಳೆ ಅಣ್ಣ ಬಂದು ಒಟ್ಟು ಮನ್ಯಾಗಿನ ರೊಕ್ಕ ಅಂದ್ರ ಬ್ಯಾಂಕು ಹಿಂದಕ್ಕ ಸರೀತೈತಿ.”

ವಾಪಸು ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ವೆಂಕೋಬ ಇಳಿದು ಒಬ್ಬನೇ ಚಹಾ ಕುಡಿದ, ಹೆಂಡತಿಗೆ ಬೇಕೇ ಎಂದೂ ಕೇಳಲಿಲ್ಲ. ಅವಳ ಸಂಬಳದ ಮೇಲೆ, ಅವಳನ್ನು ನೋಡಿ ನಕ್ಕ ವಕೀಲನ ಮೇಲೆ, ಇನ್ನೂ ಕೊಳ್ಳದ ಆ ಮನೆಯ ಮೇಲೆ, ಎಲ್ಲದರ ಮೇಲೂ ಅವನಿಗೆ ಹೊಟ್ಟೆಕಿಚ್ಚು. ಹೆಂಡತಿ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡನಷ್ಟು ಬಡವ ಇನ್ನೊಬ್ಬನಿಲ್ಲ. ಊಟಕ್ಕೂ ಅವಳ ಎದುರೇ ಕೂರಬೇಕು, ಉರಿಯುವುದಕ್ಕೂ ಅವಳ ಎದುರೇ ಕೂರಬೇಕು.

ಮನೆಗೆ ಬಂದವನೇ ಹೇಳಿಬಿಟ್ಟ. “ನನ್ನ ಹೆಸರು ಇಲ್ಲಂದ್ರ ಆ ಮನ್ಯಾಗ ನಾ ಕಾಲಿಡಂಗಿಲ್ಲ.”

“ವಕೀಲರು ಹೇಳಿದ್ದು ಕೇಳಿದ್ರಿಲ್ಲ? ನಿಮ್ಮ ಹೆಸರಿನ ಹಿಂದ ನಿಮ್ಮ ಅಣ್ಣಾರೂ ಬರ್ತಾರ.”

“ವಕೀಲ, ವಕೀಲ! ಅವನ ಜಪ ಮಾಡ್ಕೋತ ಕುಂದ್ರು ನೀ.”

ಅವತ್ತಿನಿಂದ ಅವಳು ಬಡಿಸಿದ್ದನ್ನು ಅವನು ಮುಟ್ಟಲಿಲ್ಲ. ಅತ್ತಿಗೆ ಬಡಿಸಿದರೆ ಎರಡು ರೊಟ್ಟಿ ಹೆಚ್ಚೇ ತಿಂದ. ಪಾರ್ವತೆಮ್ಮ ಅತ್ತಳು, ಬೈದಳು, ಕೊನೆಗೆ ಸೋತಳು. ಬ್ಯಾಂಕಿಗೆ ಹೋಗಿ ಇಬ್ಬರ ಹೆಸರಿಗೂ ಆಗಲಿ ಎಂದು ಹೇಳಿ ಬಂದಳು.

ವೆಂಕೋಬ ಅಷ್ಟಕ್ಕೆ ಸುಮ್ಮನಿದ್ದರೆ ಮನೆ ಆಗಿಯೇ ಬಿಡುತ್ತಿತ್ತೇನೋ. ಅವನು ಊರ ಹೋಟೆಲಿಗೆ ಹೋಗಿ, ಎಲ್ಲರಿಗೂ ಮಿರ್ಚಿ ಭಜಿ ಹೇಳಿ, “ಸಿಂಧನೂರಾಗ ಮನಿ ಹಿಡಿದೀನಿ” ಅಂದ. ಹಿಡಿದೀವಿ ಅನ್ನಲು ಅವನ ನಾಲಿಗೆ ಹೊರಳಲಿಲ್ಲ.

ಭಜಿ ತಣ್ಣಗಾಗುವ ಮೊದಲೇ ಸುದ್ದಿ ಬಾಲಪ್ಪನಿಗೆ ಮುಟ್ಟಿತು. ಹೊಟ್ಟೆಕಿಚ್ಚು ಆ ಮನೆತನದ ಪಾಲಾಗದ ಆಸ್ತಿ, ಅಣ್ಣನಿಗೂ ತಮ್ಮನಷ್ಟೇ ಇತ್ತು. ನನಗಿಲ್ಲದ ಪಟ್ಟಣದ ಮನೆ ಚಿಕ್ಕವನಿಗೆ ಹೇಗೆ ಬಂತು? ಮರುದಿನವೇ ಅವನು ಬ್ಯಾಂಕಿಗೆ ಹೋಗಿ ತಕರಾರು ಕೊಟ್ಟ. ನಾವು ಒಟ್ಟಿಗಿದ್ದೇವೆ, ಭತ್ತದ ರೊಕ್ಕ ಒಟ್ಟಿಗಿದೆ, ತಮ್ಮನ ಹೆಸರಿನ ಮನೆಯಲ್ಲಿ ನನಗೂ ಪಾಲಿದೆ ಎಂದ. ಬ್ಯಾಂಕಿನವರು ಸಾಲ ನಿಲ್ಲಿಸಿದರು.

ಶಂಶಾದ್‌ಬೀ ಕಾಯುವವಳಲ್ಲ. “ಬರೋ ಐತ್ವಾರ ನಾ ಮಸ್ಕಿಗೆ ಮಗಳ ಹತ್ರ ಹೊಂಟೀನಮ್ಮ. ಬ್ಯಾರೆ ಗಿರಾಕಿ ಬಾಗಿಲ್ದಾಗ ನಿಂತಾರ. ನಿನ್ನ ಮುಖ ನೋಡಿ ಇಷ್ಟು ದಿನ ತಡದೀನಿ,” ಅಂದಳು.

ಪಾರ್ವತೆಮ್ಮ ಒಬ್ಬಳೇ ಲಿಂಗಸುಗೂರಿಗೆ ಓಡಿದಳು. ವಕೀಲರು ಬೈದು, ಆಮೇಲೆ ಒಂದು ದಾರಿ ಹೇಳಿದರು. ವೆಂಕೋಬ ತನ್ನ ಹೆಸರು ತೆಗೆಸಬೇಕು. ಈ ಮನೆಗೆ ತನ್ನದಾಗಲಿ ಒಟ್ಟು ಮನೆಯದಾಗಲಿ ಒಂದು ಪೈಸೆಯೂ ಹತ್ತಿಲ್ಲ, ಎಲ್ಲ ಹೆಂಡತಿಯ ದುಡಿಮೆ ಎಂದು ಬರೆದುಕೊಡಬೇಕು. ಅದಕ್ಕೆ ಬಾಲಪ್ಪನೇ ಸಾಕ್ಷಿ ಹಾಕಬೇಕು, ಆಗ ಬ್ಯಾಂಕು ಸಾಲ ಕೊಡುತ್ತದೆ.

ಬಾಲಪ್ಪ ಒಪ್ಪುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ಅವನು ಖುಷಿಯಿಂದ ಒಪ್ಪಿದ. “ನನ್ನ ತಮ್ಮಗ ಇಲ್ಲಂದ್ರ ಸಾಕು, ನನಗೂ ಬ್ಯಾಡ,” ಅಂದ. ಅಣ್ಣನಿಗೆ ಪಾಲು ಹೋಗುವುದಕ್ಕಿಂತ ತನ್ನ ಹೆಸರು ಹೋಗುವುದೇ ಮೇಲು ಎಂದು ವೆಂಕೋಬನೂ ಒಪ್ಪಿದ.

ಸಿಂಧನೂರಿನ ನೋಂದಣಿ ಕಚೇರಿಯ ಮುಂದೆ ತಗಡಿನ ಚಪ್ಪರದ ಕೆಳಗೆ ಪತ್ರ ಬರೆಯುವ ದಸ್ತಗೀರ್‌ಸಾಬ್ ಕೂರುತ್ತಿದ್ದರು. ಅವರದೊಂದು ರಿವಾಜು. ಹಕ್ಕು ಬಿಡುವವನು ನಾಲ್ಕು ಮಂದಿಯ ಮುಂದೆ ತಾನೇ ಬಾಯಿಬಿಟ್ಟು ಹೇಳಬೇಕು, ಆಮೇಲೆ ಅವರು ಬರೆಯಬೇಕು. ಬರೀ ಹೂಂ ಅಂದರೆ ನಡೆಯುವುದಿಲ್ಲ.

“ಹೇಳ್ರಿ ವೆಂಕೋಬ. ಮನಿ ಯಾರ ದುಡಿಮಿದು?”

ವೆಂಕೋಬ ಸುತ್ತ ನೋಡಿದ. ಮುಕ್ಕುಂದದಿಂದ ಭತ್ತದ ಚೀಲ ತಂದವರು ಇಬ್ಬರು ಅಲ್ಲಿಯೇ ನಿಂತಿದ್ದರು. ಅವನು ಕೊಡಿಸಿದ ಭಜಿ ತಿಂದವರೇ. ಅಣ್ಣ ಮೀಸೆಯೊಳಗೆ ನಗುತ್ತಿದ್ದ. ಪಾರ್ವತೆಮ್ಮ ಸೆರಗು ಬಿಗಿಯಾಗಿ ಹಿಡಿದು ಗಂಡನ ಬಾಯನ್ನೇ ನೋಡುತ್ತಿದ್ದಳು. ಅವನು ಎದ್ದು ಹೋಗಿಬಿಟ್ಟರೆ ಮನೆಯೂ ಹೋಯಿತು.

“ಆಕಿದು.”

“ಆಕಿ ಅಂದ್ರ ಯಾರು? ಹೆಸರು ಹೇಳ್ಬೇಕು.”

“ನನ್ನ ಹೆಂಡ್ತಿ ಪಾರ್ವತೆಮ್ಮಂದು,” ಎಂದ ವೆಂಕೋಬ. “ಆಕೀನ ದುಡದಾಳ. ನಾ ಒಂದು ಪೈಸೆ ಹಾಕಿಲ್ಲ. ನಮ್ಮ ಮನೀದೂ ಇಲ್ಲ. ಆ ಮನ್ಯಾಗ ನಂದೇನೂ ಇಲ್ಲ. ಸಾಕೇನ್ರಿ?”

“ಹೆಂಡ್ತಿ ಮನ್ಯಾಗ ಇರಾಂವ ಆದಿ ಬಿಡಲೇ ವೆಂಕ್ಯಾ!” ಬಾಲಪ್ಪ ತೊಡೆ ತಟ್ಟಿ ನಕ್ಕ. ದಸ್ತಗೀರ್‌ಸಾಬ್ ಅದನ್ನು ಬರೆದು ವೆಂಕೋಬನ ಸಹಿ ಹಾಕಿಸಿದ್ದೇ ತಡ, ಯಾರೂ ಕೇಳುವ ಮೊದಲೇ ಬಾಲಪ್ಪ ಪೆನ್ನು ಕಸಿದುಕೊಂಡು ಸಾಕ್ಷಿ ಸಹಿ ಹಾಕಿದ. ಮನೆಯೊಂದು ಕೈಬಿಟ್ಟು ಹೋದದ್ದಕ್ಕೆ ಅಷ್ಟು ಸಂತೋಷಪಟ್ಟವನನ್ನು ಆ ಚಪ್ಪರ ಹಿಂದೆ ಕಂಡಿರಲಿಕ್ಕಿಲ್ಲ.

ದಸ್ತಗೀರ್‌ಸಾಬ್ ಖರೀದಿ ಪತ್ರದ ಹಾಳೆ ತೆಗೆದುಕೊಂಡರು. ಬರೆಯುತ್ತಲೇ ಬಾಯಿಂದ ಹೇಳಿಕೊಂಡರು. “ಬರೆಸಿಕೊಂಡವರು ಪಾರ್ವತೆಮ್ಮ, ಗಂಡ...”

“ನಿಲ್ರಿ ಸಾಬ್ರ,” ಎಂದಳು ಪಾರ್ವತೆಮ್ಮ. “ತಂದಿ ಅಂಬಪ್ಪ ಅಂತ ಬರೀರಿ.”

ಪೆನ್ನು ನಿಂತಿತು. ಅಂಬಪ್ಪ ವಳಕಮದಿನ್ನಿಯಲ್ಲಿ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಮಗಳನ್ನು ಓದಿಸಿದವನು. ಅವಳಿಗೆ ನೌಕರಿ ಸಿಕ್ಕ ವರ್ಷವೇ ತೀರಿಕೊಂಡಿದ್ದ.

“ಗಂಡ ಇದ್ದಾಗ ಗಂಡನ ಹೆಸರು ಹಾಕೂದಮ್ಮ,” ದಸ್ತಗೀರ್‌ಸಾಬ್ ಮೆಲ್ಲಗೆ ಅಂದರು. “ತಂದಿ ಹೆಸರು ಹಾಕಿದ್ರೂ ಪತ್ರ ನಡೀತೈತಿ. ಆದ್ರ ನೋಡಿದ ಮಂದಿ ಏನಂದಾರು?”

“ಗಂಡನ ಹೆಸರು ಬಂದಿದ್ದಕ್ಕ ಮನಿ ಹೋಗಾಕತ್ತಿತ್ರಿ. ನಮ್ಮಪ್ಪ ನಾ ಓದಿದ್ದಕ್ಕ ಒಂದಿನಾನೂ ಹೊಟ್ಟೆಕಿಚ್ಚು ಪಟ್ಟಿಲ್ಲ. ಅವನ ಹೆಸರಾ ಇರ್ಲಿ.”

ಬಾಲಪ್ಪನ ನಗು ಅಲ್ಲಿಗೇ ನಿಂತಿತು. ದಸ್ತಗೀರ್‌ಸಾಬ್ ಒಂದು ಗಳಿಗೆ ವೆಂಕೋಬನ ಮುಖ ನೋಡಿದರು. ಅವರು ತಲೆ ತಗ್ಗಿಸಿ, ದುಂಡಗಿನ ಅಕ್ಷರದಲ್ಲಿ ತಂದೆ ಅಂಬಪ್ಪ ಎಂದು ಬರೆದರು.

ವೆಂಕೋಬ ಆ ಹೆಸರನ್ನೇ ನೋಡುತ್ತ ಕೂತ. ಒಂದು ಗುಂಟೆ ನೆಲವಿಲ್ಲದೆ ಸತ್ತುಹೋದ ಮಾವನ ಮೇಲೂ ಅವನಿಗೆ ಹೊಟ್ಟೆ ಉರಿಯತೊಡಗಿತ್ತು.